ಗಾಳಿ ತಿರುಗುವ ಕಾಲ

ನಮ್ಮ ರಾಬರ್ಟ್‌ಸನ್‌ಪೇಟೆಗೂ ಕಡಲಿಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ೨೦೦೧ರಲ್ಲಿ ಮುಚ್ಚಿದ ಇಲ್ಲಿಯ ಚಿನ್ನದ ಗಣಿಗಳಲ್ಲಿ ಒಂದು ಕಾಲಕ್ಕೆ ಮೇಲ್ವಿಚಾರಕರನ್ನು ‘ಕ್ಯಾಪ್ಟನ್’ ಎಂದು ಕರೆಯುತ್ತಿದ್ದರು. ಅದು ಹಡಗಿನ ಪದವಿಯಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತದ ಗಣಿಗಳಲ್ಲಿ ರೂಢಿಯಲ್ಲಿದ್ದ ಹೆಸರು. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಹಿಡಿದ ಮೇಲೆ ಅಲ್ಲಿಯ ಗಣಿಗಾರರು ಬಂದರು. ಅವರೊಡನೆ ಆ ಹೆಸರೂ ಬಂತು. ಅವರ ಕಾಲಕ್ಕಾಗಲೇ ಉಗಿಹಡಗುಗಳು ಓಡುತ್ತಿದ್ದವು. ಆದರೆ ಅವರ ನಾಡಿನ ಫಾಲ್‌ಮತ್ ಬಂದರಿನಿಂದ ಹಾಯಿ ಬಿಚ್ಚಿ, ಉತ್ತರದ ಚಳಿನೀರನ್ನು ತೊರೆದು ದಕ್ಷಿಣದ ಬೆಚ್ಚನೆಯ ನೀರಿಗೆ ಹೊರಡುವವರು ಇಂದಿಗೂ ಇದ್ದಾರೆ. ಅವರ ಹಾದಿಯನ್ನು ಕುರಿತು ಈ ಹೊತ್ತು ಕೆಲವು ಮಾತು.

೧೯೬೮ರ ಜೂನ್ ೧೪ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬವರು ಒಬ್ಬರೇ ಫಾಲ್‌ಮತ್‌ನಿಂದ ಹೊರಟರು. ಅವರ ‘ಸುಹೈಲಿ’ ೩೨ ಅಡಿಯ ಹಾಯಿದೋಣಿ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತಿ, ೩೧೨ ದಿನಗಳ ಮೇಲೆ ಅದೇ ಬಂದರಿಗೆ ಮರಳಿದರು. ಹೀಗೆ ಒಂಟಿಯಾಗಿ ಸುತ್ತಿಬಂದವರಲ್ಲಿ ಅವರೇ ಮೊದಲಿಗರು. ಗಾಳಿಯೊಂದನ್ನೇ ನಂಬಿದ ಇಷ್ಟು ಸಣ್ಣ ದೋಣಿ ಇಂಥ ದೂರವನ್ನು ಕ್ರಮಿಸುವುದು ಹೇಗೆ?

ಸೂರ್ಯನ ಕಾವಿನಿಂದ ಭೂಮಧ್ಯರೇಖೆಯ ಬಳಿ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಆ ತೆರವಿಗೆ ಉತ್ತರದಿಂದ ತಂಪಾದ ಗಾಳಿ ಹರಿದುಬರುತ್ತದೆ. ಭೂಮಿ ಪೂರ್ವಾಭಿಮುಖವಾಗಿ ತಿರುಗುವುದರಿಂದ ಅದು ನೇರವಾಗಿ ಬಾರದೆ ಓರೆಯಾಗಿ, ಈಶಾನ್ಯದಿಂದ ಬೀಸುತ್ತದೆ. ಇದೇ ವಾಣಿಜ್ಯ ಮಾರುತ. ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ನಡೆ, ಆಮೇಲೆ ಪಶ್ಚಿಮಕ್ಕೆ ತಿರುಗು ಎಂಬುದು ಯೂರೋಪಿನ ಹಳೆಯ ನಾವಿಕರ ಮಾತು. ಬೆಣ್ಣೆ ಕರಗಿತೆಂದರೆ ವಾಣಿಜ್ಯ ಮಾರುತದ ಸೀಮೆ ಬಂತೆಂದು ಅರ್ಥ. ನಮ್ಮ ಮನೆಗಳಲ್ಲಿ ಬೆಣ್ಣೆ ಕರಗಿದರೆ ಗೃಹಿಣಿಯರಿಗೆ ಚಿಂತೆ, ಅವರಿಗೋ ಹಿಗ್ಗು!

ಆದರೆ ಹೊರಡುವ ಕಾಲಕ್ಕೆ ಕಟ್ಟುಂಟು. ಬೇಸಗೆ ಮುಗಿಯುವುದರೊಳಗೆ ಫ್ರಾನ್ಸಿನ ಪಡುವಣ ಬಿಸ್ಕೆ ಕೊಲ್ಲಿಯನ್ನು ದಾಟಬೇಕು. ತಡವಾದರೆ ಅಲ್ಲಿ ಬಿರುಗಾಳಿಗಳ ಕಾಟ. ಕ್ಯಾನರಿ ದ್ವೀಪಗಳನ್ನು ಸೇರಿದ ಮೇಲೆ ಅವಸರ ಕೂಡದು. ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ನವೆಂಬರ್ ಕಳೆಯುವ ತನಕ ಚಂಡಮಾರುತಗಳ ಭಯ. ಅದು ತೀರುವವರೆಗೂ ಲಂಗರು ಹಾಕಿ ಕಾಯುತ್ತಾರೆ. ಮೊದಲು ತ್ವರೆ, ಆಮೇಲೆ ತಾಳ್ಮೆ: ಎರಡೂ ಗಾಳಿಯ ಅಪ್ಪಣೆಯಂತೆ.

ಈ ಅಪ್ಪಣೆ ಮೀರಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾರವಾರದ ಎದುರಿಗಿರುವ ಅಂಜದೀವ ದ್ವೀಪವೇ ಸಾಕ್ಷಿ. ವಾಸ್ಕೋ ಡ ಗಾಮ ೧೪೯೭ರ ಜುಲೈಯಲ್ಲಿ ಲಿಸ್ಬನ್ ಬಿಟ್ಟು ದಕ್ಷಿಣಕ್ಕೆ ಬಂದವನು. ಅಟ್ಲಾಂಟಿಕ್‌ನಲ್ಲಿ ಅನುಕೂಲವಾದ ಗಾಳಿಯನ್ನು ಹಿಡಿಯಲೆಂದು ಮೂರು ತಿಂಗಳು ನೆಲ ಕಾಣದೆ ಬಳಸುದಾರಿ ಹಿಡಿದ ಜಾಣ. ಮರುವರ್ಷ ಆಫ್ರಿಕದ ಮಾಲಿಂದಿಯಲ್ಲಿ ಹಾದಿ ಬಲ್ಲವನೊಬ್ಬ ದೊರೆತ. ನೈಋತ್ಯ ಮಾರುತವೂ ಕೂಡಿಬಂತು. ಒಂದು ತಿಂಗಳೊಳಗಾಗಿ ಕಲ್ಲೀಕೋಟೆ ಮುಟ್ಟಿದ.

ಮರಳುವಾಗ ಅಂಜದೀವದಲ್ಲಿ ತಂಗಿ, ಹಡಗುಗಳ ತಳ ಕೆರೆಸಿ, ನೀರು ತುಂಬಿಸಿಕೊಂಡು ೧೪೯೮ರ ಅಕ್ಟೋಬರ್ ೫ರಂದು ಹೊರಟುಬಿಟ್ಟ. ಮುಂಗಾರಿನ ಗಾಳಿ ಅಡಗಿತ್ತು. ಹಿಂಗಾರಿನ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಒಮ್ಮೆ ನಿಶ್ಚಲ, ಒಮ್ಮೆ ಎದುರುಗಾಳಿ. ಬರುವಾಗ ತಿಂಗಳೂ ಹಿಡಿಯದ ಕಡಲು, ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಹಸಿ ಕಾಯಿಪಲ್ಲೆ, ಹಣ್ಣುಗಳಿಲ್ಲದೆ ನಾವಿಕರ ವಸಡು ಬಾತು ಸ್ಕರ್ವಿ ರೋಗ ಹತ್ತಿತು. ದಾರಿಯಲ್ಲೇ ಸುಮಾರು ೩೦ ಮಂದಿ ತೀರಿಹೋದರು. ಹಡಗಿಗೆ ಏಳೆಂಟು ಮಂದಿಯಷ್ಟೇ ಕೆಲಸಕ್ಕೆ ಉಳಿದರು. ನಡೆಸಲು ಆಳು ಸಾಲದೆ ಆಫ್ರಿಕದ ಕರೆಯಲ್ಲಿ ‘ಸಾವ್ ರಫೇಲ್’ ಎಂಬ ಹಡಗನ್ನೇ ಸುಟ್ಟುಬಿಡಬೇಕಾಯಿತು. ಡಿಸೆಂಬರ್ ತನಕ ಕಾದಿದ್ದರೆ ಈಶಾನ್ಯದ ಗಾಳಿ ಬೆನ್ನಿಗಿರುತ್ತಿತ್ತು. ಇದು ಅರಬ್ಬಿ, ಗುಜರಾತಿ ನಾವಿಕರಿಗೆ ತಲೆಮಾರುಗಳಿಂದ ಗೊತ್ತಿದ್ದ ಸಂಗತಿ. ಸಾಗರ ಗೆದ್ದವನು ಎರಡು ತಿಂಗಳ ತಾಳ್ಮೆಯನ್ನು ಗೆಲ್ಲಲಾರದೆ ಹೋದ. ಬೆಲೆ ತೆತ್ತವರು ಹೆಸರಿಲ್ಲದ ಆಳುಗಳು.

‘ಮಾನ್ಸೂನ್’ ಎಂಬ ಮಾತಿನ ಮೂಲ ಅರಬ್ಬಿಯ ‘ಮೌಸಿಮ್’. ಅದರರ್ಥ ಋತು, ತಕ್ಕ ಕಾಲ. ನಮ್ಮ ಕನ್ನಡದಲ್ಲಿ ‘ಕಾರ್’ ಎಂದರೆ ಮಳೆಗಾಲ; ಮುನ್ನ ಬರುವುದು ಮುಂಗಾರು, ಹಿಂದಿನಿಂದ ಬರುವುದು ಹಿಂಗಾರು. ಕಡಲವನೂ ಒಕ್ಕಲಿಗನೂ ಒಂದೇ ಗಾಳಿಯನ್ನು ನೋಡಿ ಹೆಸರಿಟ್ಟವರು. ಇನ್ನು ಮುಂದೆ ಹಿಂಗಾರಿನಲ್ಲಿ ಮೂಡಣ ಕಿಟಕಿಗೆ ಹನಿ ಬಡಿದಾಗ, ಅಂಜದೀವದಲ್ಲಿ ಆ ಗಾಳಿಗಾಗಿ ಕಾಯದೆ ಹೊರಟವರನ್ನು ಒಮ್ಮೆ ನೆನೆಯೋಣ. ಹೊರಡುವ ಧೈರ್ಯ ದೊಡ್ಡದು. ಹೊರಡುವ ಹೊತ್ತನ್ನು ಅರಿಯುವುದು ಅದಕ್ಕಿಂತ ದೊಡ್ಡದು.