ಟಕ್ ಎನ್ನುವ ಕ್ಲಿಪ್ಪು

ಮಕ್ಕಳೇ, ಸೋಂದಾದ ಮಳೆ ನಿಮಗೆ ಗೊತ್ತೇ ಇದೆ. ಸಹಸ್ರಲಿಂಗದ ಹತ್ತಿರ ಶಾಲ್ಮಲಾ ಹೊಳೆ ತುಂಬಿ, ಬಂಡೆಯ ಮೇಲಿನ ಲಿಂಗಗಳು ಮುಳುಗಿಹೋಗುವಂಥ ಮಳೆ. ಆಗ ಅಂಗಳದಲ್ಲಿ ನಿಂತ ಕಾರಿನ ಬಾಗಿಲೊಳಗೂ ನೀರು ಇಳಿಯುತ್ತದೆ! ಗಾಜಿನ ಅಂಚಿನ ರಬ್ಬರು ಅಷ್ಟೂ ನೀರನ್ನು ತಡೆಯಲಾರದು. ಇಳಿದ ನೀರು ಬಾಗಿಲಿನ ತಳದ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಮಳೆ ಹೊಳವಾದಾಗ ಬಗ್ಗಿ ನೋಡಿ, ಅಲ್ಲಿ ಹನಿ ಕಾಣುತ್ತದೆ.

ಆ ನೀರಿಗೂ ನಮಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಮ್ಮ ಮೊಣಕೈಗೆ ತಾಗುವ ಡೋರ್ ಪ್ಯಾನೆಲ್. ಗಾಜು ಏರಿಳಿಯದಿದ್ದರೆ ಗ್ಯಾರೇಜಿನಲ್ಲಿ ಈ ಪ್ಯಾನೆಲ್ ಬಿಚ್ಚುತ್ತಾರೆ. ಅದರ ಬೆನ್ನಿನ ಅಂಚಿನಲ್ಲಿ ಬೆರಳ ತುದಿಯಷ್ಟು ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪುಗಳಿವೆ. ಮತ್ತೆ ಕೂರಿಸುವಾಗ ಮುರಿಯುವುದು ಇವೇ.

ಕ್ಲಿಪ್ಪು ಹೇಗೆ ಹಿಡಿಯುತ್ತದೆ? ನಿಮ್ಮ ಕೊಡೆಯನ್ನೇ ತನ್ನಿ. ಬಿಚ್ಚುವಾಗ ಕೋಲಿನ ಮೇಲಿನ ಸಣ್ಣ ಕೊಕ್ಕೆ ಒಳಗೆ ಬಗ್ಗಿ ದಾರಿ ಬಿಡುತ್ತದೆ, ಮರುಕ್ಷಣ ಟಕ್ ಎಂದು ಹೊರಗೆ ಚಿಮ್ಮುತ್ತದೆ. ಹತ್ತುವ ಕಡೆ ಇಳಿಜಾರು, ಇಳಿಯುವ ಕಡೆ ಕಡಿದು. ಅದಕ್ಕೇ ಬೆರಳಿನಿಂದ ಒತ್ತದೆ ಕೊಡೆ ಮಡಚುವುದಿಲ್ಲ. ಕ್ಲಿಪ್ಪಿನ ರೆಕ್ಕೆಗಳೂ ಹೀಗೆಯೇ: ತಗಡಿನ ತೂತಿನಲ್ಲಿ ಮುದುಡಿ ನುಗ್ಗುತ್ತವೆ, ದಾಟಿದ ಮೇಲೆ ಅರಳಿ ಹಿಡಿಯುತ್ತವೆ.

ಬಗ್ಗಿಸಿದ್ದು ಮೊದಲಿನಂತಾಗುವ ಈ ಗುಣಕ್ಕೆ ಸ್ಥಿತಿಸ್ಥಾಪಕತೆ ಎಂದು ಹೆಸರು. ಒತ್ತಡ ಹೆಚ್ಚಿದಷ್ಟೂ ಬಾಗುವುದು ಹೆಚ್ಚುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಸ್ಪ್ರಿಂಗ್‌ಗಳಲ್ಲಿ ಇದನ್ನು ಕಂಡು 1678ರಲ್ಲಿ ವಿವರಿಸಿ ಬರೆದರು. ಆದರೆ ಇದಕ್ಕೊಂದು ಮಿತಿಯಿದೆ. ಹಳೆಯ ಕ್ಲಿಪ್ಪೊಂದು ಸಿಕ್ಕರೆ ರೆಕ್ಕೆಯನ್ನು ಮೆಲ್ಲಗೆ ಚಿವುಟಿ ಬಿಡಿ, ಪುಟಿಯುತ್ತದೆ. ಬುಡದಲ್ಲಿ ಬಿಳಿ ಗೆರೆ ಮೂಡಿದ್ದರೆ ಅದು ಮಿತಿ ಮೀರಿ ಬಾಗಿದೆ ಎಂದರ್ಥ. ಅಂಥದ್ದನ್ನು ಬದಲಿಸುವುದೇ ಒಳ್ಳೆಯದು.

ದೊಡ್ಡವರು ಪ್ಯಾನೆಲ್ ಕೂರಿಸುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಕೆಲವು ಕ್ಲಿಪ್ಪು ತಗಡಿನಲ್ಲೇ ಉಳಿದಿರುತ್ತವೆ. ಅವನ್ನು ಕಿತ್ತು ಪ್ಯಾನೆಲ್ಲಿಗೆ ಸಿಕ್ಕಿಸಬೇಕು. ಪ್ಲಾಸ್ಟಿಕ್ ಹಾಳೆಯನ್ನು ಎಲ್ಲೂ ಸಂದಿ ಬಿಡದೆ ಅಂಟಿಸಬೇಕು. ನಮ್ಮ ಮಲೆನಾಡಿನಲ್ಲಂತೂ ಇದನ್ನು ಮರೆಯುವಂತೆಯೇ ಇಲ್ಲ. ಗಾಜಿನ ಸ್ವಿಚ್ಚಿನ ವೈರು, ಹಿಡಿಕೆಯ ತಂತಿ ಜೋಡಿಸಿದ ಮೇಲೆ, ಎಷ್ಟೋ ಕಾರುಗಳಲ್ಲಿ ಪ್ಯಾನೆಲ್ಲಿನ ಮೇಲಂಚನ್ನು ಮೊದಲು ಗಾಜಿನ ಪಟ್ಟಿಗೆ ತೂಗುಹಾಕುತ್ತಾರೆ.

ಈಗ ಮುಖ್ಯ ಕೆಲಸ. ಪ್ರತಿ ಕ್ಲಿಪ್ಪೂ ತನ್ನ ತೂತಿನ ಎದುರಿಗೇ ಇದೆಯೇ ಎಂದು ಇಣುಕಿ ನೋಡಬೇಕು. ನೇರವಾಗಿದ್ದರೆ ಎರಡು ರೆಕ್ಕೆಗಳೂ ಸಮನಾಗಿ ಬಾಗುತ್ತವೆ. ಓರೆಯಾದರೆ ಒಂದೇ ರೆಕ್ಕೆಯ ಮೇಲೆ ಭಾರವೆಲ್ಲ ಬಿದ್ದು ಅದು ಮುರಿಯುತ್ತದೆ. ಆದ್ದರಿಂದ ಗುದ್ದಬಾರದು. ಕ್ಲಿಪ್ಪು ಇರುವ ಜಾಗದ ಮೇಲೆಯೇ ಅಂಗೈಯಿಟ್ಟು ಒತ್ತಬೇಕು. ಟಕ್ ಎಂದಿತೇ? ಮುಂದಿನದಕ್ಕೆ ಹೋಗಬಹುದು. ಶಬ್ದ ಬಾರದಿದ್ದರೆ ಬಲ ಹೆಚ್ಚಿಸದೆ ಮತ್ತೊಮ್ಮೆ ಇಣುಕಬೇಕು.

ಸ್ಕ್ರೂ ಬಿಗಿಯುವುದು ಎಲ್ಲದರ ಕೊನೆಗೆ. ಯಾಕೆಂದು ಈಗ ನೀವೇ ಹೇಳಬಲ್ಲಿರಿ: ಮೊದಲೇ ಬಿಗಿದರೆ ಪ್ಯಾನೆಲ್ ಅಲ್ಲಾಡುವುದಿಲ್ಲ, ಕ್ಲಿಪ್ಪು ತೂತಿಗೆ ನೇರವಾಗಿ ಬರುವುದಿಲ್ಲ.