ಮಕ್ಕಳೊಡನೆ ಬರೆಯುವ ಧ್ಯೇಯವಾಕ್ಯ



ಶಾಲೆಯ ಪರಿಸರ ಸಂಘಕ್ಕೆ ಧ್ಯೇಯವಾಕ್ಯ ಬೇಕೆಂದಾಗ ಸಾಮಾನ್ಯವಾಗಿ ಹಿರಿಯರು ಬರೆಯುತ್ತಾರೆ, ಮಕ್ಕಳು ಗೋಡೆಯ ಮೇಲೆ ಬಣ್ಣ ತುಂಬುತ್ತಾರೆ. ‘ಪರಿಸರವನ್ನು ಸಂರಕ್ಷಿಸೋಣ’ ಎಂಬ ಮಾತು ಯಾವ ಊರಿನ ಗೋಡೆಗಾದರೂ ಹೊಂದುತ್ತದೆ. ಆದುದರಿಂದಲೇ ಅದು ಯಾವ ಊರಿಗೂ ಸೇರುವುದಿಲ್ಲ.

ನಿರ್ಣಾ ಇರುವ ಬೀದರ್ ಜಿಲ್ಲೆಯ ನೆಲಕ್ಕೆ ತನ್ನದೇ ಪ್ರಶ್ನೆಗಳಿವೆ. ಜಂಬಿಟ್ಟಿಗೆಯ ಪದರ ಮಳೆನೀರನ್ನು ಒಳಗಿಳಿಸುತ್ತದೆ. ಕೆಳಗಿನ ಕಪ್ಪುಶಿಲೆ ಅದನ್ನು ತಡೆದು ನಿಲ್ಲಿಸುತ್ತದೆ. ಈ ಗುಟ್ಟನ್ನರಿತೇ ಬಹಮನಿ ಅರಸರ ಕಾಲದಲ್ಲಿ ಬೀದರಿನ ಸುರಂಗ ಬಾವಿಗಳು ರೂಪುಗೊಂಡವು. ಇಂದು ಅದೇ ಜಿಲ್ಲೆಯಲ್ಲಿ ತೊಗರಿ, ಉದ್ದು, ಹೆಸರಿನ ಜೊತೆಗೆ ಹೆಚ್ಚು ನೀರು ಬೇಡುವ ಕಬ್ಬೂ ಬೆಳೆಯುತ್ತಿದೆ. ‘ನಮ್ಮೂರ ಬಾವಿಯಲ್ಲಿ ಬೇಸಿಗೆಯ ಕೊನೆಯವರೆಗೂ ನೀರಿರಬೇಕು’ ಎಂದು ಮಕ್ಕಳು ಬರೆದರೆ, ಆ ವಾಕ್ಯ ಅವರದೇ ಮನೆಯ ಕೊಳವೆಬಾವಿಯನ್ನೂ ಪ್ರಶ್ನಿಸುತ್ತದೆ. ಆಗ ಹಿರಿಯರು ತಿದ್ದುವುದು ವಾಕ್ಯವನ್ನೋ, ನೀರಿನ ಬಳಕೆಯನ್ನೋ? ಸಹಭಾಗಿತ್ವದ ನಿಜವಾದ ಪರೀಕ್ಷೆ ಅದೇ.

ಇಂಥ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯರ ಮಾತಿಗೆ ಕಾಯಕದ ಅನುಭವವೇ ತೂಕ ತಂದಿತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಮರಳಿ ಕಳುಹಿಸಿದ ಕಥೆ ಎಲ್ಲರೂ ಬಲ್ಲದ್ದೇ. ಮನೆಯೊಳಗೇ ಎದ್ದ ಪ್ರಶ್ನೆ ಅದು.

ಹತ್ತಿರದ ಕಾಲದ ನಿದರ್ಶನವೂ ಉಂಟು. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿ ಮೊದಲಾದೆಡೆ ಮಕ್ಕಳ ಪಂಚಾಯತಿಗಳು ರೂಪುಗೊಂಡವು. ಅಲ್ಲಿಯ ಮಕ್ಕಳು ತಮ್ಮ ಊರಿನ ಸಮಸ್ಯೆಗಳ ಮಾಹಿತಿಯನ್ನು ತಾವೇ ಕಲೆಹಾಕಿ ಹಿರಿಯರ ಮುಂದಿಟ್ಟರು. ಮುಂದೆ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯ ಪದ್ಧತಿ ಬಂದಿತು.

ಹಾಗಾದರೆ ಬರೆಯುವ ಬಗೆ ಹೇಗೆ? ಮೊದಲು ಊರು ಸುತ್ತಬೇಕು: ಬಾವಿಯ ನೀರಿನ ಆಳ, ಒಡ್ಡು ಒಡೆದ ಹೊಲ, ಕಡಿದ ಮರ, ಎಲ್ಲವನ್ನೂ ದಾಖಲಿಸಬೇಕು. ಬಳಿಕ ಪ್ರತಿಯೊಬ್ಬರೂ ತಮ್ಮ ಮನೆಮಾತಿನಲ್ಲೇ ಒಂದೊಂದು ವಾಕ್ಯ ಬರೆಯಲಿ. ಅದು ಕನ್ನಡವಿರಲಿ, ತೆಲುಗು, ಮರಾಠಿ, ಉರ್ದುವಿರಲಿ. ಎಲ್ಲವನ್ನೂ ಗಟ್ಟಿಯಾಗಿ ಓದಿ, ಸಮಾನ ಆಶಯಗಳನ್ನು ಒಗ್ಗೂಡಿಸಬೇಕು. ಹೆಚ್ಚು ಮಾತನಾಡದ ಮಕ್ಕಳ ಸರದಿ ಮೊದಲು, ಶಿಕ್ಷಕರದು ಕೊನೆಗೆ. ಶಿಕ್ಷಕರು ಕಾಗುಣಿತ ತಿದ್ದಬಹುದು; ಅರ್ಥವನ್ನು ತಿದ್ದಬೇಕಾದರೆ ಸಭೆಯ ಒಪ್ಪಿಗೆ ಬೇಕು. ಒಪ್ಪದವರ ಮಾತೂ ದಾಖಲಾಗಬೇಕು.

ಕೊನೆಯದಾಗಿ, ಧ್ಯೇಯವಾಕ್ಯದ ಕೆಳಗೆ ದಿನಾಂಕವಿರಲಿ. ಪ್ರತಿ ಮುಂಗಾರಿಗೆ ಮುನ್ನ ಅದೇ ಬಾವಿಯ ಬಳಿ ನಿಂತು ಅದನ್ನು ಮತ್ತೆ ಓದೋಣ. ನೀರು ಕೆಳಗಿಳಿದಿದ್ದರೆ ಮಕ್ಕಳು ಕಾರಣ ಕೇಳುತ್ತಾರೆ. ಉತ್ತರಿಸುವ ಹೊಣೆ ಹಿರಿಯರದು.