ನೀರೊಳಗಿನ ಊರು

ಪಾಳು ನಗರಗಳನ್ನೂ ಬೆಟ್ಟದ ಮೇಲಣ ಹಳೆಯ ಊರುಗಳನ್ನೂ ಕಾಣಲು ಗ್ರೀಸ್, ಇಟಲಿಗಳಿಗೆ ಹೋಗಿಬಂದವರ ಪ್ರವಾಸಕಥನಗಳನ್ನು ನಾವು ಆಸಕ್ತಿಯಿಂದ ಓದುತ್ತೇವೆ. ಕಾಳಿ ನದಿಯ ಮಲೆಸೀಮೆಯಲ್ಲಿ ಸಂಚರಿಸುವಾಗ ನನಗೆ ಕಂಡದ್ದು ಬೇರೊಂದು ಬಗೆಯ ಅವಶೇಷ.

ಹಳಿಯಾಳದ ಪಾಳುಕೋಟೆ ಕಣ್ಣಿಗೆ ಕಾಣುತ್ತದೆ. ಹಳೆಯ ಸೂಪಾ ಕಾಣುವುದಿಲ್ಲ. ಕಾಳಿ, ಪಾಂಢರಿ ನದಿಗಳ ಸಂಗಮದಲ್ಲಿದ್ದ ಆ ಪೇಟೆ 1980ರ ದಶಕದಲ್ಲಿ, 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ನಿರ್ವಸಿತರಲ್ಲಿ ಹಲವರು ರಾಮನಗರದಲ್ಲಿ ನೆಲೆಸಿದರು. ಆ ನೀರೇ ನಾಗಝರಿ ವಿದ್ಯುದಾಗಾರವನ್ನು ನಡೆಸುತ್ತದೆ. ನಾವು ಓದುವ ದೀಪದ ಬೆಳಕಿನಲ್ಲಿ ಆ ಊರಿನ ಪಾಲೂ ಇದೆ.

ಇದೇ ಸೀಮೆಯ ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದ ಶರಣರು ಈ ಕಾಡನ್ನು ಆಶ್ರಯಿಸಿದರು. ಕಲ್ಯಾಣದ ಅರಮನೆ ಉಳಿಯಲಿಲ್ಲ, ವಚನ ಉಳಿಯಿತು. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರು ಲಾಸಾ ಪ್ರಾಂತದ ಗಾಂದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿಕೊಂಡಿದ್ದಾರೆ. ನೆಲವನ್ನು ಕಳೆದುಕೊಂಡರೂ ಅವರು ನೆನಪನ್ನು ಹೊತ್ತು ತಂದರು.

ಸೂಪಾದ ನೆನಪೋ? ಅದರ ಬೀದಿಗಳಲ್ಲಿ ಆಡಿ ಬೆಳೆದವರು ಈಗ ವೃದ್ಧರು. ಅವರು ಹೇಳುವುದನ್ನು ಕೇಳಿ ಬರೆದಿಡುವ ಕೆಲಸ ಇನ್ನು ತಡವಾಗಬಾರದು.